ಹೈಸ್ಕೂಲಿನಲ್ಲಿದ್ದುಕೊಂಡೇ ಕಟಿಂಗ್ ಕೆಲಸ ಕಲಿಯುವುದು: ಮೊದಲು ಬಾಚಣಿಗೆ, ಕೊನೆಗೆ ಬ್ಲೇಡು

ಎಂಟನೇ ಕ್ಲಾಸಿನ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಿಡುವ ಹೊತ್ತಿಗೆ ಹಲವು ಹುಡುಗರಿಗೆ ಹದಿನಾಲ್ಕು ತುಂಬಿರುತ್ತದೆ. ಕಟಿಂಗ್ ಶಾಪಿಗೆ ಕಾಲಿಡಲು ಅದೇ ಸರಿಯಾದ ಸಮಯ. ಏಪ್ರಿಲ್, ಮೇ ತಿಂಗಳಲ್ಲಿ ಬುಡದ ಕೆಲಸ ಕಲಿಯಬಹುದು, ಒಂಬತ್ತನೇ ಕ್ಲಾಸ್ ಪೂರ್ತಿ ಕೈ ಪಳಗಿಸಬಹುದು. ಹತ್ತನೇ ಕ್ಲಾಸಿನ ಡಿಸೆಂಬರ್ ಬಂದಾಗ ಅಂಗಡಿ ಬಿಟ್ಟು ಎಸ್ಸೆಸ್ಸೆಲ್ಸಿಗೆ ಓದಲು ಕೂತರೂ ಅಲ್ಲಿಯವರೆಗೆ ಕಲಿತದ್ದು ಮರೆಯುವುದಿಲ್ಲ. ಆದರೆ ಒಂದು ಷರತ್ತು: ಕಲಿಯುವ ಕ್ರಮ ತಪ್ಪಬಾರದು. ಈಗಿನ ಅಂಗಡಿಗಳಲ್ಲಿ ಹೊಸ ಹುಡುಗ ಬಂದ ವಾರಕ್ಕೇ ಕೈಗೆ ಮಿಷಿನ್ ಕೊಟ್ಟುಬಿಡುತ್ತಾರೆ. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಮಿಷಿನ್‌ನಿಂದ ಶುರು ಮಾಡಿದವನಿಗೆ ಎರಡು ವರ್ಷವಾದರೂ ಬಾಚಣಿಗೆಯ ಮೇಲೆ ಕತ್ತರಿ ಓಡಿಸಲು ಬರುವುದಿಲ್ಲ. ಚಾರ್ಜ್ ಇಳಿದರೆ, ಕರೆಂಟ್ ಹೋದರೆ, ವಯಸ್ಸಾದ ಗಿರಾಕಿ ಬಂದು “ಕತ್ತರಿಯಲ್ಲೇ ಮಾಡಪ್ಪಾ” ಅಂದರೆ ಅವನು ಪಕ್ಕದ ಕುರ್ಚಿಯವನ ಮುಖ ನೋಡಬೇಕಾಗುತ್ತದೆ.

ಗಂಟೆಗಳ ಲೆಕ್ಕ

ಹದಿನಾಲ್ಕು ತುಂಬದ ಮಗುವನ್ನು ಬೇರೆಯವರ ಅಂಗಡಿಯಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಆ ವಯಸ್ಸಿನವರು ತಮ್ಮ ಮನೆಯವರದೇ ಅಂಗಡಿಯಲ್ಲಿ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸಬಹುದು, ಅಷ್ಟೇ. ಹದಿನಾಲ್ಕರಿಂದ ಹದಿನೆಂಟರ ನಡುವಿನವರು ಕೆಲಸ ಮಾಡಬಹುದು, ಆದರೆ ಗಂಟೆಗೆ ಮಿತಿ ಇದೆ. ಒಂದೇ ಸಮ ಮೂರು ಗಂಟೆ ದಾಟಬಾರದು. ಆಮೇಲೆ ಒಂದು ಗಂಟೆ ಬಿಡುವು ಕೊಡಬೇಕು. ಬಿಡುವೂ ಸೇರಿ ದಿನಕ್ಕೆ ಆರು ಗಂಟೆ ಮೀರುವಂತಿಲ್ಲ. ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೆಲಸವೇ ಇಲ್ಲ. ವಾರಕ್ಕೊಂದು ಪೂರ್ತಿ ರಜೆ.

ಇದನ್ನು ಶಾಲೆಯ ವೇಳೆಯ ಪಕ್ಕ ಇಟ್ಟು ನೋಡಿದರೆ ವಾರ ತಾನಾಗಿಯೇ ಕೂಡಿಬರುತ್ತದೆ. ಶಾಲೆ ನಾಲ್ಕೂವರೆಗೆ ಬಿಟ್ಟರೆ ಐದರಿಂದ ಏಳರವರೆಗೆ ಎರಡು ಗಂಟೆ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ಒಂದರಿಂದ ನಾಲ್ಕು. ಭಾನುವಾರ ಬೆಳಗ್ಗೆ ಎಂಟರಿಂದ ಹನ್ನೊಂದು, ಊಟ-ಬಿಡುವು, ಹನ್ನೆರಡರಿಂದ ಎರಡು. ಕರ್ನಾಟಕದ ಹೆಚ್ಚಿನ ಊರುಗಳಲ್ಲಿ ಮಂಗಳವಾರ ಅಂಗಡಿ ಬಾಗಿಲು ಹಾಕಿರುತ್ತದೆ, ಅದೇ ನಿಮ್ಮ ವಾರದ ರಜೆ. ಆ ಸಂಜೆ ಗಣಿತ ಮಾಡಿ.

ಭಾನುವಾರ ನೋಡಿ ಕಲಿಯುವ ದಿನ, ಮಾಡಿ ಕಲಿಯುವ ದಿನವಲ್ಲ. ಎಂಟು ಜನ ಬೆಂಚಿನ ಮೇಲೆ ಕೂತು ಕಾಯುತ್ತಿರುವಾಗ ಯಾವ ಯಜಮಾನನೂ ನಿಮಗೆ ಕತ್ತರಿ ಹಿಡಿಯುವುದು ಹೇಗೆಂದು ತೋರಿಸುವುದಿಲ್ಲ. ಪಾಠ ಸಿಗುವುದು ಬುಧವಾರ, ಗುರುವಾರದ ಖಾಲಿ ಸಂಜೆಗಳಲ್ಲಿ. ವರ್ಷದ ಲೆಕ್ಕದಲ್ಲಿ ಹೇಳುವುದಾದರೆ, ನವೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಅಯ್ಯಪ್ಪ ಮಾಲೆ ಹಾಕಿದವರು ಅಂಗಡಿಯ ಕಡೆ ತಲೆ ಹಾಕುವುದಿಲ್ಲ, ಗಿರಾಕಿ ಕಡಿಮೆ, ಹೇಳಿಕೊಡಲು ಸಮಯ ಹೆಚ್ಚು. ಸಂಕ್ರಾಂತಿ ಮುಗಿದ ವಾರ ಅವರೆಲ್ಲ ಒಟ್ಟಿಗೆ ಉದ್ದ ಕೂದಲು, ಗಡ್ಡದೊಂದಿಗೆ ಬರುತ್ತಾರೆ. ಉದ್ದ ಕೂದಲನ್ನು ಹಂತ ಹಂತವಾಗಿ ಇಳಿಸುವುದನ್ನು ನೋಡಬೇಕೆಂದರೆ ಆ ವಾರ ತಪ್ಪಿಸಬೇಡಿ.

ಅಂಗಡಿ ಆರಿಸುವಾಗ

ಗಾಜು, ಎಸಿ, ಗೋಡೆಯ ಮೇಲಿನ ಪೋಸ್ಟರ್ ನೋಡಿ ಮರುಳಾಗಬೇಡಿ. ಒಂದು ಭಾನುವಾರ ಬೆಂಚಿನ ಮೇಲೆ ಕೂತು ಮೂರು ಸಂಗತಿ ಗಮನಿಸಿ. ಪ್ರತಿ ಶೇವಿಂಗ್‌ಗೂ ಹೊಸ ಬ್ಲೇಡನ್ನು ಗಿರಾಕಿಯ ಕಣ್ಣೆದುರೇ ಮುರಿಯುತ್ತಾರಾ? ಯಜಮಾನರು ಕತ್ತರಿ ಹಿಡಿದು ಪೂರ್ತಿ ಒಂದು ತಲೆ ಮುಗಿಸುತ್ತಾರಾ ಅಥವಾ ಎಲ್ಲವೂ ಮಿಷಿನ್ನೇ? ಅಂಗಡಿಯಲ್ಲಿ ಈಗಾಗಲೇ ಇರುವ ಕಿರಿಯ ಕೆಲಸಗಾರನಿಗೆ ಏನಾದರೂ ಹೇಳಿಕೊಡುತ್ತಾರಾ ಅಥವಾ ಅವನು ಎರಡು ವರ್ಷದಿಂದ ಕಸ ಗುಡಿಸುತ್ತಲೇ ಇದ್ದಾನಾ? ಮೂರನೆಯ ಪ್ರಶ್ನೆಗೆ ಉತ್ತರ ಸರಿಯಿಲ್ಲದಿದ್ದರೆ ಬೇರೆ ಅಂಗಡಿ ನೋಡಿ.

ಮಾತುಕತೆಗೆ ಅಪ್ಪ ಅಥವಾ ಅಮ್ಮನನ್ನು ಕರೆದುಕೊಂಡು ಹೋಗಿ. ಯಾವ ವೇಳೆಗೆ ಬರುವುದು, ಪರೀಕ್ಷೆಗೆ ಎಷ್ಟು ದಿನ ರಜೆ, ಕೈಖರ್ಚಿಗೆ ಏನು ಕೊಡುತ್ತಾರೆ, ಯಾವ ತಿಂಗಳಿಗೆ ಕತ್ತರಿ ಕೈಗೆ ಬರುತ್ತದೆ ಎಲ್ಲವನ್ನೂ ಅಲ್ಲೇ ಬಾಯಿಬಿಟ್ಟು ಕೇಳಬೇಕು. “ನೋಡೋಣ ಬಿಡಿ” ಅನ್ನುವ ಉತ್ತರ ಉತ್ತರವಲ್ಲ.

ಈ ಕೆಲಸ ತಲೆತಲಾಂತರದಿಂದ ಮಾಡಿಕೊಂಡು ಬಂದ ಮನೆಗಳ ಮಕ್ಕಳಿಗೆ ಅರ್ಧ ವಿದ್ಯೆ ಕಣ್ಣಿನಲ್ಲೇ ಬಂದಿರುತ್ತದೆ. ಹಾಗೆಂದು ಬೇರೆಯವರಿಗೆ ಬಾಗಿಲು ಮುಚ್ಚಿಲ್ಲ, ಈಗ ಎಲ್ಲ ಜಾತಿಯ ಹುಡುಗರೂ ಹುಡುಗಿಯರೂ ಈ ಕೆಲಸಕ್ಕೆ ಬರುತ್ತಿದ್ದಾರೆ. ಬಂದವರಿಗೆ ಒಂದು ವಿಷಯ ಮೊದಲ ದಿನವೇ ಗೊತ್ತಿರಲಿ: ಜಾತಿಯ ಕಾರಣಕ್ಕೆ ಯಾರಿಗಾದರೂ ಕಟಿಂಗ್ ಮಾಡುವುದಿಲ್ಲ ಎನ್ನುವುದು 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಡಿ ಅಪರಾಧ. ಕೆಲವು ಹಳ್ಳಿಗಳಲ್ಲಿ ಇಂದಿಗೂ ಊರಿನವರ ಒತ್ತಡಕ್ಕೆ ಅಂಗಡಿಯವರು ಮಣಿಯುತ್ತಾರೆ. ಅಂಥ ಅಂಗಡಿಯಲ್ಲಿ ಕಲಿಯಬೇಡಿ.

ಮೊದಲ ತಿಂಗಳು: ತಲೆ ಓದುವುದು

ಕೂದಲು ಗುಡಿಸುವುದು, ಬಟ್ಟೆ ಒದರಿ ಹೊದಿಸುವುದು, ಕತ್ತಿನ ಸುತ್ತ ಟಿಶ್ಯೂ ಸುತ್ತುವುದು, ಬಾಚಣಿಗೆ ತೊಳೆಯುವುದು. ಕೆಲಸ ಇಷ್ಟೇ, ಆದರೆ ಕಣ್ಣಿಗೆ ಬೇಕಾದಷ್ಟು ಕೆಲಸವಿದೆ. ಬಂದ ಪ್ರತಿ ತಲೆಯಲ್ಲೂ ಮೊದಲು ಸುಳಿ ಹುಡುಕಿ. ನೆತ್ತಿಯ ಹಿಂದೆ ಕೂದಲು ಯಾವ ಕಡೆಗೆ ಸುತ್ತುತ್ತದೆ, ಸುಳಿ ಒಂದೋ ಎರಡೋ, ಹಣೆಯ ಅಂಚಿನಲ್ಲಿ ಕೂದಲು ಮೇಲಕ್ಕೆ ಎದ್ದಿದೆಯೋ, ಕತ್ತಿನ ಹತ್ತಿರ ಅಡ್ಡಕ್ಕೆ ಬೆಳೆದಿದೆಯೋ ನೋಡಿ. ಸುಳಿಯ ಹತ್ತಿರ ಕೂದಲು ಎರಡು ಸೆಂಟಿಮೀಟರಿಗಿಂತ ಉದ್ದ ಇದ್ದರೆ ತನ್ನ ಭಾರಕ್ಕೆ ಮಲಗುತ್ತದೆ, ತೀರಾ ಗಿಡ್ಡ ಮಾಡಿದರೆ ನಿಲ್ಲುವಷ್ಟು ಉದ್ದವೇ ಇರುವುದಿಲ್ಲ. ನಡುವಿನ ಅಳತೆಗೆ ಕತ್ತರಿಸಿದಾಗಲೇ ಅದು ನೆಟ್ಟಗೆ ಎದ್ದು ನಿಲ್ಲುವುದು. “ಹಿಂದೆ ಜುಟ್ಟು ಏಳ್ತಾ ಇದೆ” ಎಂದು ಗಿರಾಕಿ ಮೂರು ದಿನ ಬಿಟ್ಟು ವಾಪಸ್ ಬರುವುದು ಹೆಚ್ಚಾಗಿ ಇದಕ್ಕೇ.

ಇನ್ನೊಂದು ಕಲಿಯಬೇಕಾದದ್ದು ಪ್ರಶ್ನೆ ಕೇಳುವುದು. “ಹೇಗೆ ಮಾಡ್ಲಿ ಅಣ್ಣಾ?” ಅಂದರೆ “ಮೀಡಿಯಂ” ಎಂಬ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. “ಕಟಿಂಗ್ ಮಾಡಿಸಿ ಎಷ್ಟು ದಿನ ಆಯ್ತು?” ಎಂದು ಕೇಳಿ. ಕೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಎರಡು ತಿಂಗಳಾಯಿತು ಎಂದರೆ, ಹಿಂದಿನ ಸಲದ ಕಟಿಂಗ್ ಅವರಿಗೆ ಹಿಡಿಸಿದ್ದರೆ, ತೆಗೆಯಬೇಕಾದದ್ದು ಎರಡೂವರೆ ಸೆಂಟಿಮೀಟರ್. ಆಮೇಲೆ “ಕಿವಿ ಮೇಲೆ ಬಿಡ್ಲಾ, ಕಿವಿ ಕಾಣೋ ಹಾಗೆ ತೆಗೀಲಾ?”, “ಸೈಡಿಗೆ ಮಿಷಿನ್ ಹಾಕ್ಬಹುದಾ?”, “ಬೈತಲೆ ಯಾವ ಕಡೆ?” ಈ ಮೂರು ಸಾಕು.

ಕತ್ತರಿ ಮತ್ತು ಬಾಚಣಿಗೆ

ಕಲಿಯುವವರಿಗೆ ಐದೂವರೆಯಿಂದ ಆರು ಇಂಚಿನ ಕತ್ತರಿ ಸರಿ. ದುಬಾರಿಯದು ಬೇಡ, ಮೊದಲ ಕತ್ತರಿ ಹೇಗೂ ಒಮ್ಮೆಯಾದರೂ ಕೆಳಗೆ ಬೀಳುತ್ತದೆ. ಎಡಗೈಯವರು ಎಡಗೈ ಕತ್ತರಿಯನ್ನೇ ಕೇಳಿ ಕೊಳ್ಳಬೇಕು. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಅಲಗುಗಳು ಒಂದನ್ನೊಂದು ದೂಡಿ, ಕೂದಲು ಕತ್ತರಿಸದೆ ಮಡಚಿಕೊಳ್ಳುತ್ತದೆ.

ಉಂಗುರ ಬೆರಳು ಕತ್ತರಿಯ ಹಿಡಿಯ ಒಂದು ಬಳೆಯೊಳಗೆ, ಕಿರುಬೆರಳು ಅದರಿಂದ ಹೊರಚಾಚಿದ ಬಾಲದ ಮೇಲೆ. ಹೆಬ್ಬೆರಳು ಇನ್ನೊಂದು ಬಳೆಯೊಳಗೆ ಉಗುರಿನ ಬುಡದವರೆಗೆ ಮಾತ್ರ. ಪೂರ್ತಿ ತೂರಿಸಿದರೆ ಇಡೀ ಅಂಗೈ ಅಲುಗಾಡುತ್ತದೆ. ಕತ್ತರಿಯ ಎರಡು ಅಲಗಿನಲ್ಲಿ ಚಲಿಸಬೇಕಾದದ್ದು ಹೆಬ್ಬೆರಳಿನದು ಒಂದೇ. ಪರೀಕ್ಷಿಸುವುದು ಸುಲಭ: ಬಾಚಣಿಗೆಯನ್ನು ಅಡ್ಡ ಹಿಡಿದು, ನಿಂತ ಅಲಗನ್ನು ಅದರ ಬೆನ್ನಿಗೆ ತಾಗಿಸಿ, ಹೆಬ್ಬೆರಳನ್ನು ಆಡಿಸಿ. ನಿಂತ ಅಲಗು ಬಾಚಣಿಗೆಯಿಂದ ಎದ್ದು ಕುಣಿದರೆ ಹಿಡಿತ ತಪ್ಪಿದೆ.

ಮನೆಯಲ್ಲಿ ದಿನಾ ಬೆಳಗ್ಗೆ ಹತ್ತು ನಿಮಿಷ, ರಾತ್ರಿ ಹತ್ತು ನಿಮಿಷ ಇದೇ ಅಭ್ಯಾಸ. ಬಾಗಿಲ ಎದುರು ನಿಂತು ಬಾಚಣಿಗೆಯನ್ನು ಸೊಂಟದ ಎತ್ತರದಲ್ಲಿ ಬಾಗಿಲಿಗೆ ತಾಗಿಸಿ, ನಿಧಾನವಾಗಿ ಎದೆಯ ಎತ್ತರಕ್ಕೆ ಏರಿಸುತ್ತ ಹೋಗಿ. ಜೊತೆಜೊತೆಗೆ ಕತ್ತರಿ ತೆರೆದು ಮುಚ್ಚುತ್ತಲೇ ಇರಬೇಕು, ಬಾಚಣಿಗೆ ಎಲ್ಲೂ ನಿಲ್ಲಬಾರದು. ಮೊದಲ ವಾರ ಬಾಚಣಿಗೆ ಏರಿದರೆ ಕತ್ತರಿ ನಿಲ್ಲುತ್ತದೆ, ಕತ್ತರಿ ಓಡಿದರೆ ಬಾಚಣಿಗೆ ಮರೆತುಹೋಗುತ್ತದೆ. ಎರಡೂ ಕೈ ಬೇರೆ ಬೇರೆ ಲಯದಲ್ಲಿ ಓಡಲು ಹೆಚ್ಚಿನವರಿಗೆ ಮೂರು ನಾಲ್ಕು ವಾರ ಬೇಕು. ತಲೆಯ ಮೇಲೆ ಬಾಚಣಿಗೆ ಒಂದು ಕ್ಷಣ ನಿಂತಲ್ಲಿ ಕತ್ತರಿ ಎರಡು ಸಲ ಬಿದ್ದರೆ ಅಲ್ಲೊಂದು ಮೆಟ್ಟಿಲು ಬಿತ್ತೆಂದೇ ಲೆಕ್ಕ.

ನಿಜವಾದ ಕೂದಲಿನ ಮೇಲೆ ಮಾಡುವಾಗ ಬಾಚಣಿಗೆಯ ಹಲ್ಲಿನ ತುದಿ ಚರ್ಮದ ಕಡೆ, ಬೆನ್ನು ಹೊರಗಡೆ ಓರೆಯಾಗಿರಬೇಕು. ಬುಡದಲ್ಲಿ ಬಾಚಣಿಗೆ ಚರ್ಮಕ್ಕೆ ಅಂಟಿಕೊಂಡಿರುತ್ತದೆ, ಮೇಲೆ ಹೋದಂತೆ ತಲೆಯಿಂದ ದೂರ ಸರಿಯುತ್ತದೆ. ಗಿಡ್ಡದಿಂದ ಉದ್ದಕ್ಕೆ ಇಳಿಜಾರು ಬರುವುದು ಈ ದೂರದಿಂದಲೇ. ತಲೆಬುರುಡೆಯ ದುಂಡಗಿನ ಜೊತೆಗೇ ಬಾಚಣಿಗೆಯೂ ಒಳಕ್ಕೆ ಬಾಗಿದರೆ ಮೇಲ್ಭಾಗದಲ್ಲಿ ಗುಂಡಿ ಬೀಳುತ್ತದೆ. ಗಿರಾಕಿಯ ತಲೆ ನಿಮ್ಮ ಎದೆಯ ಮಟ್ಟಕ್ಕೆ ಬರುವಂತೆ ಕುರ್ಚಿ ಏರಿಸಿಕೊಳ್ಳಿ. ಮೊಣಕೈ ಭುಜಕ್ಕಿಂತ ಮೇಲೆ ಹೋದರೆ ಅರ್ಧ ಗಂಟೆಯಲ್ಲಿ ಕೈ ಸೋಲುತ್ತದೆ. ಬಗ್ಗಿ ನಿಂತರೆ ಸೊಂಟ ಹಿಡಿದುಕೊಳ್ಳುತ್ತದೆ.

ಕತ್ತರಿಯ ಸ್ಕ್ರೂ ಬಿಗಿ ಪ್ರತಿ ವಾರ ನೋಡಿ. ಒಂದು ಬಳೆ ಹಿಡಿದು, ಅಲಗನ್ನು ಪೂರ್ತಿ ತೆರೆದು, ಇನ್ನೊಂದು ಬಳೆಯನ್ನು ಬಿಟ್ಟುಬಿಡಿ. ಅದು ಬಿದ್ದು ಪೂರ್ತಿ ಮುಚ್ಚಿಕೊಂಡರೆ ಸಡಿಲ: ಕೂದಲು ಅಲಗಿನ ನಡುವೆ ಮಡಚುತ್ತದೆ. ಇದ್ದಲ್ಲೇ ನಿಂತರೆ ಬಿಗಿ: ಹೆಬ್ಬೆರಳು ನೋಯುತ್ತದೆ. ಮೂರನೇ ಎರಡು ಭಾಗ ಇಳಿದು ನಿಂತರೆ ಸರಿ. ಸ್ಕ್ರೂವಿಗೆ ಒಂದು ಹನಿ ಎಣ್ಣೆ. ಆ ಕತ್ತರಿಯಲ್ಲಿ ಕಾಗದ, ದಾರ, ಶ್ಯಾಂಪೂ ಸ್ಯಾಶೆ ಕತ್ತರಿಸಿದರೆ ಅಲಗು ಸತ್ತಂತೆ. ಮನೆಯವರಿಗೂ ಹೇಳಿಡಿ.

ಅಭ್ಯಾಸದ ಬೊಂಬೆ ತಲೆ ಸಿಕ್ಕರೆ ನಿಜವಾದ ಕೂದಲಿನದನ್ನೇ ತನ್ನಿ. ಪ್ಲಾಸ್ಟಿಕ್ ಕೂದಲು ಕತ್ತರಿಯಿಂದ ಜಾರುತ್ತದೆ, ಡ್ರೈಯರ್ ಬಿಸಿಗೆ ಕರಗುತ್ತದೆ. ಅದರ ಕೂದಲು ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಉದ್ದದಿಂದ ಗಿಡ್ಡಕ್ಕೆ ಯೋಜನೆ ಹಾಕಿಕೊಳ್ಳಿ: ಮೊದಲು ಸುತ್ತ ಒಂದೇ ಸಮ, ಆಮೇಲೆ ಬೆರಳ ನಡುವೆ ಹಿಡಿದು ಲೇಯರ್, ಆಮೇಲೆ ಬಾಚಣಿಗೆ-ಕತ್ತರಿ, ಕೊನೆಗೆ ಮಿಷಿನ್. ಒಂದು ತಲೆಯಲ್ಲಿ ಐದಾರು ಪಾಠ ಆಗುತ್ತದೆ.

ಮಿಷಿನ್, ನಂಬರ್, ಫೇಡ್

ಮೂರು ನಾಲ್ಕು ತಿಂಗಳಾದ ಮೇಲೆ ಮಿಷಿನ್. ಕೂದಲು ಎಷ್ಟು ಉದ್ದ ಉಳಿಯಬೇಕೆಂದು ಮಿಷಿನ್ ಬಾಯಿಗೆ ಸಿಕ್ಕಿಸುವ ಬಾಚಣಿಗೆಯಂಥ ಗಾರ್ಡ್‌ಗಳ ನಂಬರುಗಳನ್ನು ಬಾಯಿಪಾಠ ಮಾಡಿಕೊಳ್ಳಿ: ಅರ್ಧ ಅಂದರೆ 1.5 ಮಿಲಿಮೀಟರ್, ಒಂದು ಅಂದರೆ 3, ಒಂದೂವರೆ ಅಂದರೆ 4.5, ಎರಡು ಅಂದರೆ 6, ಮೂರು ಅಂದರೆ ಸುಮಾರು 10, ನಾಲ್ಕು ಅಂದರೆ ಸುಮಾರು 13. ಕೆಲವು ಕಂಪನಿಯ ಮಿಷಿನ್‌ಗಳ ಗಾರ್ಡ್ ಮೇಲೆ ನಂಬರ್ ಬದಲು ಮಿಲಿಮೀಟರ್ ಬರೆದಿರುತ್ತಾರೆ, ಆಗ 3 ಎಂದರೆ ಮೂರನೇ ನಂಬರಲ್ಲ, ಒಂದನೇ ನಂಬರ್! ಹೊಸ ಮಿಷಿನ್ ಬಂದಾಗ ಇಲ್ಲಿ ಎಡವುವವರು ಬಹಳ.

ತಲೆಗೆ ತಾಗಿಸುವ ಮೊದಲು ಅಲಗು ನೋಡಿ. ಓಡಾಡುವ ಅಲಗು ನಿಂತ ಅಲಗಿನ ಅಂಚಿಗಿಂತ ಒಂದಿಷ್ಟು, ಅಂದರೆ ಒಂದು ಮಿಲಿಮೀಟರಿನಷ್ಟು ಹಿಂದೆಯೇ ಇರಬೇಕು. ಎರಡೂ ಒಂದೇ ಗೆರೆಗೆ ಬಂದರೆ ಹತ್ತಿರಕ್ಕೆ ಕತ್ತರಿಸುತ್ತದೆ, ಒಂದು ಕೂದಲೆಳೆ ಮುಂದೆ ಬಂದರೆ ಚರ್ಮವನ್ನೇ ಕತ್ತರಿಸುತ್ತದೆ. ಕಲಿಯುವವರು ಅಲಗನ್ನು ಸೊನ್ನೆಗೆ, ಅಂದರೆ ಒಂದೇ ಗೆರೆಗೆ, ಹೊಂದಿಸುವ ಸಾಹಸಕ್ಕೆ ಹೋಗುವುದು ಬೇಡ. ದಿನಕ್ಕೊಮ್ಮೆ ಬ್ರಷ್‌ನಿಂದ ಕೂದಲು ತೆಗೆದು, ಮಿಷಿನ್ ಓಡುತ್ತಿರುವಾಗಲೇ ಎರಡು ಮೂರು ಹನಿ ಎಣ್ಣೆ ಬಿಡಿ. ಎಣ್ಣೆ ಕಾಣದ ಮಿಷಿನ್ ಕಾದು ಬಿಸಿಯಾಗುತ್ತದೆ. ಆಗಾಗ ನಿಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿಕೊಳ್ಳಿ, ಗಿರಾಕಿ “ಸುಡ್ತಾ ಇದೆ” ಅನ್ನುವವರೆಗೆ ಕಾಯಬೇಡಿ.

ಮೊದಲ ನಿಜವಾದ ತಲೆ ತಮ್ಮನದೋ ಕ್ಲಾಸ್‌ಮೇಟಿನದೋ ಆಗಿರಲಿ, ಅವರ ಮನೆಯವರನ್ನು ಕೇಳಿಯೇ ಕೂರಿಸಿ. ಇಡೀ ತಲೆಗೆ ಮೂರನೇ ನಂಬರ್ ಹಾಕುವ ಸಮ್ಮರ್ ಕಟ್ ಅತಿ ಸುಲಭ. ಕೂದಲು ಒಣಗಿರಲಿ. ಬೆಳೆದ ದಿಕ್ಕಿಗೆ ಎದುರಾಗಿ ಓಡಿಸಿ, ಸುಳಿಯ ಹತ್ತಿರ ನಾಲ್ಕೂ ಕಡೆಯಿಂದ ಬನ್ನಿ. ಶಾಲೆಯಲ್ಲೇ ಸೋಮವಾರದ ಪ್ರಾರ್ಥನೆಗೆ ಕೂದಲು ಗಿಡ್ಡ ಇರಬೇಕೆಂಬ ಶಿಸ್ತು ಇರುವುದರಿಂದ ಇಂಥ ತಲೆಗಳಿಗೆ ಬರವಿಲ್ಲ. ಫ್ಯಾಶನ್ ಕಟಿಂಗ್ ಮಾಡುವ ಆಸೆ ಸ್ವಲ್ಪ ತಡೆದುಕೊಳ್ಳಿ. ‘ಹೆಬ್ಬುಲಿ ಕಟಿಂಗ್’ ಮಾಡಬೇಡಿ ಎಂದು ಬಾಗಲಕೋಟೆ ಜಿಲ್ಲೆಯ ಶಾಲೆಯೊಂದರಿಂದ ಊರಿನ ಅಂಗಡಿಗಳಿಗೆ ಪತ್ರ ಹೋದದ್ದು ಸುದ್ದಿಯಾಗಿತ್ತು. ನಿಮ್ಮದೇ ಮೇಷ್ಟ್ರು ನಿಮ್ಮದೇ ಕೈಕೆಲಸವನ್ನು ಪ್ರಾರ್ಥನಾ ಸಾಲಿನಲ್ಲಿ ಗುರುತು ಹಿಡಿಯುತ್ತಾರೆ.

ಫೇಡ್, ಅಂದರೆ ಬುಡದ ಗಿಡ್ಡದಿಂದ ಮೇಲಕ್ಕೆ ಗೆರೆ ಕಾಣದ ಹಾಗೆ ಉದ್ದವಾಗುತ್ತ ಹೋಗುವ ಕಟಿಂಗ್, ಆಮೇಲೆ. ಗಿಡ್ಡ ಭಾಗ ಕಿವಿಯ ಹತ್ತಿರಕ್ಕೇ ನಿಲ್ಲುವ ಲೋ ಫೇಡ್‌ನಿಂದ ಶುರು ಮಾಡಿ.

ಮೊದಲು ಎರಡೂ ಪಕ್ಕ, ಹಿಂದೆ ಮೂರನೇ ನಂಬರ್ ಹಾಕಿ, ತಲೆ ದುಂಡಗೆ ತಿರುಗುವ ಮೂಳೆಯವರೆಗೆ ಮಾತ್ರ. ಗಾರ್ಡ್ ತೆಗೆದು, ಮಿಷಿನ್ ಪಕ್ಕದ ಲಿವರ್ ಮುಚ್ಚಿ (ಮುಚ್ಚಿದರೆ ಗಿಡ್ಡ, ತೆರೆದರೆ ತುಸು ಉದ್ದ), ಕಿವಿಯ ಮೇಲೆ ಒಂದು ಬೆರಳಗಲಕ್ಕೆ ಮೊದಲ ಗೆರೆ ಎಳೆಯಿರಿ. ಹಿಂದೆ ಹೋದಂತೆ ಗೆರೆ ಸ್ವಲ್ಪ ಕೆಳಗಿಳಿಯಲಿ. ಈಗ ಲಿವರ್ ತೆರೆದು ಅದರ ಮೇಲೆ ಒಂದೂವರೆ ಸೆಂಟಿಮೀಟರ್. ಒಂದನೇ ನಂಬರ್ ಹಾಕಿ, ಲಿವರ್ ತೆರೆದೇ, ಇನ್ನೊಂದೂವರೆ. ಎರಡನೇ ನಂಬರ್, ಅದರ ಮೇಲೆ. ಈಗ ಮೂರನೇ ನಂಬರಿನ ಭಾಗದ ಕೆಳಗೆ ನಾಲ್ಕು ಪಟ್ಟಿ ಕಾಣುತ್ತದೆ, ಹೆದರಬೇಡಿ. ಪಟ್ಟಿಗಳ ನಡುವಿನ ಗೆರೆ ಅಳಿಸುವುದೇ ಫೇಡ್‌ನ ನಿಜವಾದ ಕೆಲಸ. ಪ್ರತಿ ಗೆರೆಗೆ ಮೇಲಿನ ಪಟ್ಟಿಯ ಗಾರ್ಡ್‌ಗಿಂತ ಅರ್ಧ ಕಡಿಮೆ ಅಳತೆಯಲ್ಲಿ, ಲಿವರ್ ಸ್ವಲ್ಪ ಸ್ವಲ್ಪ ಮುಚ್ಚುತ್ತ ಹೋಗಬೇಕು. ಮಿಷಿನ್ ಮೂಲೆಯನ್ನು ಮಾತ್ರ ತಾಗಿಸಿ, ಪಾತ್ರೆಯ ತಳದಿಂದ ಸೌಟಿನಲ್ಲಿ ಎತ್ತಿದ ಹಾಗೆ ಮಣಿಕಟ್ಟು ಹೊರಕ್ಕೆ ತಿರುಗಬೇಕು. ನೇರ ಮೇಲಕ್ಕೆ ತಳ್ಳಿದರೆ ಗೆರೆ ಅಳಿಯುವುದಿಲ್ಲ, ಒಂದು ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ.

ಇಲ್ಲಿ ಕೆಡುವುದು ಹೆಚ್ಚಾಗಿ ನಾಲ್ಕು ಕಾರಣಕ್ಕೆ. ಮೊದಲ ಗೆರೆ ಎತ್ತರಕ್ಕೆ ಹೋಗಿರುತ್ತದೆ, ಮೇಲೆ ಜಾಗವೇ ಉಳಿಯುವುದಿಲ್ಲ. ಗಾರ್ಡನ್ನು ಒತ್ತಿ ಹಿಡಿದಿರುತ್ತಾರೆ, ಚರ್ಮ ಒಳಕ್ಕೆ ಹೋಗಿ ಅಲ್ಲಿ ಬಿಳಿ ಮಚ್ಚೆ ಬೀಳುತ್ತದೆ. ಕತ್ತರಿಸಿದ ಕೂದಲನ್ನು ಬ್ರಷ್‌ನಿಂದ ಕೊಡವದೆ ಇರುತ್ತಾರೆ, ಕೂತ ಪುಡಿಯೇ ಗೆರೆಯ ಹಾಗೆ ಕಂಡು ಇಲ್ಲದ ಗೆರೆಯನ್ನು ಅಳಿಸಲು ಹೋಗುತ್ತಾರೆ. ನಾಲ್ಕನೆಯದು ತಲೆಬುರುಡೆ. ಹಿಂದಲೆಯ ಮೂಳೆ ಉಬ್ಬಿದಲ್ಲಿ ಕೂದಲು ತೆಳುವಾಗಿಯೂ, ತಗ್ಗಿನಲ್ಲಿ ಕಪ್ಪಾಗಿಯೂ ಕಾಣುತ್ತದೆ. ಅದನ್ನು ಮಿಷಿನ್‌ನಿಂದ ಬೆನ್ನಟ್ಟಿದರೆ ಇಡೀ ತಲೆ ಸೊನ್ನೆಗೆ ಬರುತ್ತದೆ. ತಗ್ಗಿನ ಕಪ್ಪನ್ನು ಬಾಚಣಿಗೆ-ಕತ್ತರಿಯಲ್ಲೇ ಹಗುರ ಮಾಡಬೇಕು. ಆರಂಭದಲ್ಲಿ ಕತ್ತರಿ ಕಲಿತದ್ದು ಇಲ್ಲಿ ಕೈಹಿಡಿಯುತ್ತದೆ.

ಸ್ವಚ್ಛತೆ: ಇದರಲ್ಲಿ ರಿಯಾಯಿತಿ ಇಲ್ಲ

ಕತ್ತರಿ ಹಿಡಿಯುವ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಹುಟ್ಟಿದಾಗ ಹಾಕಿಸಿದ್ದಾರೋ ಇಲ್ಲವೋ ತಾಯಿ ಕಾರ್ಡ್ ನೋಡಿ, ಹಾಕಿಸಿರದಿದ್ದರೆ ಮೂರು ಡೋಸ್: ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಒಣಗಿದ ರಕ್ತದ ಕಲೆಯಲ್ಲೂ ಆ ವೈರಸ್ ಏಳು ದಿನ ಜೀವಂತ ಇರಬಲ್ಲದು. ಕಣ್ಣಿಗೆ ಕಾಣದ ಗೀರು ಸಾಕು, ನಿಮ್ಮಿಂದ ಗಿರಾಕಿಗೆ, ಗಿರಾಕಿಯಿಂದ ನಿಮಗೆ.

ಬಾಚಣಿಗೆ, ಗಾರ್ಡ್‌ಗಳನ್ನು ಮೊದಲು ಸೋಪು ನೀರಿನಲ್ಲಿ ಉಜ್ಜಿ ತೊಳೆಯಬೇಕು. ಕೂದಲು, ಜಿಡ್ಡು ಅಂಟಿರುವಾಗ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ. ಆಮೇಲೆ ಬ್ಲೀಚ್ ನೀರು: ಶೇಕಡ 5ರ ಮನೆ ಬ್ಲೀಚ್ ಒಂದು ಭಾಗಕ್ಕೆ ನೀರು ಒಂಬತ್ತು ಭಾಗ, ಹತ್ತು ನಿಮಿಷ. ಈ ನೀರನ್ನು ದಿನಾ ಹೊಸದಾಗಿ ಮಾಡಿ. ಕತ್ತರಿಯನ್ನು ಅದರಲ್ಲಿ ಮುಳುಗಿಸಿ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಅದಕ್ಕೆ ಶೇಕಡ 70ರ ಸ್ಪಿರಿಟ್‌ನಲ್ಲಿ ಒರೆಸುವುದೇ ಸರಿ. ಒಂದು ದಿನಕ್ಕೆ ನಾಲ್ಕೈದು ಬಾಚಣಿಗೆ ಇದ್ದರೆ ಒಂದು ನೆನೆಯುವಾಗ ಇನ್ನೊಂದು ಕೈಗೆ ಸಿಗುತ್ತದೆ.

ಶೇವಿಂಗ್ ಆದ ಮೇಲೆ ಒಂದೇ ಪಟಿಕದ ಕಲ್ಲನ್ನು ಎಲ್ಲರ ಮುಖಕ್ಕೂ ತಿಕ್ಕುವುದು ನಮ್ಮ ಅಂಗಡಿಗಳ ಹಳೆಯ ರೂಢಿ. ಬ್ಲೇಡ್ ಹೊಸದು ಹಾಕಿಯೂ ಕಲ್ಲು ಹಳೆಯದಾದರೆ ಏನು ಬಂತು? ಪಟಿಕವನ್ನು ಪುಡಿ ಮಾಡಿ ನೀರಿನಲ್ಲಿ ಕರಗಿಸಿ ಸ್ಪ್ರೇ ಬಾಟಲಿಗೆ ಹಾಕಿಕೊಳ್ಳಿ. ಬಳಸಿದ ಬ್ಲೇಡ್ ಕಸದ ಬುಟ್ಟಿಗೆ ಬೇಡ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಅದರೊಳಗೆ ಹಾಕಿ. ಪೌರಕಾರ್ಮಿಕರ ಕೈ ಕುಯ್ಯುವುದು ಇಂಥ ಬ್ಲೇಡುಗಳೇ.

ತಲೆಯಲ್ಲಿ ದುಂಡಗೆ ಕೂದಲು ಉದುರಿ ಅಂಚು ಕೆಂಪಾಗಿದ್ದರೆ ಹುಳುಕಡ್ಡಿ ಇರಬಹುದು. ಕಟಿಂಗ್ ಬೇಡ, ಚರ್ಮದ ಡಾಕ್ಟರಿಗೆ ತೋರಿಸಲು ಮೆಲ್ಲಗೆ ಹೇಳಿ, ಪಕ್ಕದವರಿಗೆ ಕೇಳದ ಹಾಗೆ. ಹೇನಿಗೂ ಅದೇ ಮರ್ಯಾದೆ.

ಕಿವಿಯ ತುದಿ ಕುಯ್ದುಕೊಳ್ಳುವುದು ಕಲಿಯುವವರ ಸಾಮಾನ್ಯ ಅವಘಡ. ಗಾಯ ಚಿಕ್ಕದು, ರಕ್ತ ಜಾಸ್ತಿ. ಶುದ್ಧವಾದ ಗಾಜ್ ಬಟ್ಟೆಯಿಂದ ಐದರಿಂದ ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಿರಿ, ಅರ್ಧಕ್ಕೇ ಎತ್ತಿ ನೋಡಬೇಡಿ. ಗಿರಾಕಿಗೆ ಹೇಳಿ, ಮುಚ್ಚಿಡಬೇಡಿ. ಆ ಕತ್ತರಿಯನ್ನು ಬದಿಗಿಡಿ. ಇದನ್ನು ತಪ್ಪಿಸಲು ಎಡಗೈಯ ಬೆರಳಿನಿಂದ ಕಿವಿಯನ್ನು ಕೆಳಕ್ಕೆ ಮಡಚಿ ಹಿಡಿದು, ಕತ್ತರಿಯ ತುದಿಯಿಂದ ಮಾತ್ರ ಕೆಲಸ ಮಾಡಬೇಕು.

ಶೇವಿಂಗ್ ಕೊನೆಗೆ

ಕನಿಷ್ಠ ಒಂದು ವರ್ಷ ಕತ್ತರಿ ಹಿಡಿದ ಮೇಲೆ, ಯಜಮಾನರು ಪಕ್ಕದಲ್ಲಿ ನಿಂತಿರುವಾಗ ಮಾತ್ರ. ಮೊದಲು ಬ್ಲೇಡ್ ಇಲ್ಲದ ಹಿಡಿಯಿಂದ, ಆಮೇಲೆ ಊದಿದ ಬಲೂನಿಗೆ ನೊರೆ ಹಚ್ಚಿ ಬ್ಲೇಡಿನಿಂದ. ಬಲೂನ್ ಒಡೆದರೆ ಒಂದೋ ಕೋನ ಹೆಚ್ಚಾಗಿದೆ, ಇಲ್ಲವೇ ಕೈ ಅಡ್ಡಕ್ಕೆ, ಅಂದರೆ ಬ್ಲೇಡಿನ ಅಂಚಿನ ಉದ್ದಕ್ಕೆ, ಜಾರಿದೆ. ಅಡ್ಡ ಜಾರುವುದೇ ಮುಖದ ಮೇಲೂ ಕುಯ್ಯುವುದು. ಬ್ಲೇಡನ್ನು ಕಾಗದದೊಳಗೇ ಇಟ್ಟು ಉದ್ದಕ್ಕೆ ಮಡಚಿ ಮುರಿಯಿರಿ, ಬೆರಳು ಸುರಕ್ಷಿತ.

ಗಡ್ಡವನ್ನು ಬೆಚ್ಚಗಿನ ಬಟ್ಟೆಯಲ್ಲಿ ಒಂದೆರಡು ನಿಮಿಷ ಮುಚ್ಚಿ, ನೊರೆ ಹಚ್ಚಿ, ಎಡಗೈಯಿಂದ ಚರ್ಮ ಎಳೆದು ಹಿಡಿದು, ಬ್ಲೇಡನ್ನು ಸುಮಾರು 30 ಡಿಗ್ರಿ ಓರೆಯಲ್ಲಿ, ಕೂದಲು ಬೆಳೆದ ದಿಕ್ಕಿಗೇ ಚಿಕ್ಕ ಚಿಕ್ಕ ಎಳೆತ. ಸೈಡ್‌ಲಾಕ್‌ನಿಂದ ಕೆನ್ನೆ, ದವಡೆ, ಕೊನೆಗೆ ಗಲ್ಲ ಮತ್ತು ಮೇಲ್ತುಟಿ. ಗಂಟಲಿನ ಗಂಟಿನ ಮೇಲೆ ನೇರವಾಗಿ ಎಳೆಯಬಾರದು, ಚರ್ಮವನ್ನು ಪಕ್ಕಕ್ಕೆ ಸರಿಸಿಕೊಂಡು ಸಮತಟ್ಟಾದಲ್ಲಿ ಎಳೆಯಿರಿ. ಎರಡನೇ ಸಲ ಕೂದಲು ಬೆಳೆದ ದಿಕ್ಕಿಗೆ ಅಡ್ಡಕ್ಕೆ. ಗುಂಗುರು ಗಡ್ಡಕ್ಕೆ ಎದುರು ದಿಕ್ಕಿನಲ್ಲಿ ಎಳೆದರೆ ಕೂದಲು ಚರ್ಮದೊಳಗೇ ಬೆಳೆದು ವಾರದಲ್ಲಿ ಗುಳ್ಳೆ ಏಳುತ್ತದೆ. ಮಗುವಿನ ಜವಳ ತೆಗೆಯುವ ಕೆಲಸ ಬಂದರೆ ಅದು ನಿಮ್ಮದಲ್ಲ. ಅಳುವ ಮಗುವಿನ ತಲೆಯ ಮೇಲೆ ಬ್ಲೇಡ್ ಎಳೆಯುವ ಕೈ ಬರಲು ಬಹಳ ವರ್ಷ ಬೇಕು.

ಕಲಿಯಲೇಬಾರದ ಒಂದು ವಿದ್ಯೆಯೂ ಅಂಗಡಿಯಲ್ಲಿದೆ: ತಲೆ ಮಸಾಜ್ ಮುಗಿಸಿ ಕುತ್ತಿಗೆಯನ್ನು ‘ಟಕ್’ ಎಂದು ತಿರುಗಿಸುವುದು. ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಮಿದುಳಿಗೆ ರಕ್ತ ನಿಲ್ಲಬಹುದು. 2024ರಲ್ಲಿ ಬಳ್ಳಾರಿಯ ಯುವಕರೊಬ್ಬರಿಗೆ ಹೀಗೇ ಸ್ಟ್ರೋಕ್ ಆದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಗಿರಾಕಿಯೇ ಕೇಳಿದರೂ ಮಾಡಬೇಡಿ. ಹೇರ್ ಡೈ ಹಚ್ಚುವಾಗ ಗ್ಲೌಸ್ ಹಾಕಿ, ಹೊಸ ಗಿರಾಕಿಗೆ 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಿ. ಕರಿ ಮೆಹಂದಿ ಎಂದು ಮಾರುವುದರಲ್ಲೂ ಅಲರ್ಜಿ ತರುವ ಅದೇ ರಾಸಾಯನಿಕ ಇರುತ್ತದೆ.

ಕಾಗದಪತ್ರ

ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ ಎಂಬ ವೃತ್ತಿಶಿಕ್ಷಣ ಯೋಜನೆಯಡಿ ಒಂಬತ್ತನೇ ತರಗತಿಯಿಂದ ಬ್ಯೂಟಿ ಅಂಡ್ ವೆಲ್‌ನೆಸ್ ವಿಷಯ ಇದೆ. ನಿಮ್ಮ ಶಾಲೆಯಲ್ಲಿದ್ದರೆ ತೆಗೆದುಕೊಳ್ಳಿ. ಅದರಲ್ಲಿ ಚರ್ಮ, ಉಗುರು, ಸ್ವಚ್ಛತೆಯ ಪಾಠ ಜಾಸ್ತಿ, ಕತ್ತರಿ ಕೆಲಸ ಕಡಿಮೆ. ಕತ್ತರಿಯನ್ನು ಅಂಗಡಿಯಲ್ಲಿ ಕಲಿತವರಿಗೆ ಉಳಿದದ್ದು ಇಲ್ಲಿ ಸಿಗುತ್ತದೆ, ಸರ್ಟಿಫಿಕೇಟ್ ಕೂಡ. ಎಸ್ಸೆಸ್ಸೆಲ್ಸಿ ಮಾತ್ರ ಬಿಡಬೇಡಿ. ಮುಂದೆ ಐಟಿಐ ಕಾಸ್ಮೆಟಾಲಜಿಗೆ ಸೇರಬೇಕೆಂದರೆ ಆ ಅಂಕಪಟ್ಟಿ ಬೇಕು.

ಹದಿನೆಂಟು ತುಂಬಿದ ಮೇಲೆ, ಆಗಲೂ ಅರ್ಜಿ ತೆಗೆದುಕೊಳ್ಳುತ್ತಿದ್ದರೆ, ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಗೆ ಅರ್ಜಿ ಹಾಕಬಹುದು. 2023ರ ಸೆಪ್ಟೆಂಬರ್ 17ರಂದು ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿಯೂ ಒಂದು. ಐದರಿಂದ ಏಳು ದಿನದ ತರಬೇತಿ, ಆ ದಿನಗಳಿಗೆ ದಿನಕ್ಕೆ ₹500, ಸಲಕರಣೆಗೆ ₹15,000ದವರೆಗೆ, ಆಮೇಲೆ ಶೇಕಡ 5ರ ಬಡ್ಡಿಯಲ್ಲಿ ಮೊದಲ ಕಂತು ₹1 ಲಕ್ಷ, ಅದನ್ನು ತೀರಿಸಿದ ಮೇಲೆ ₹2 ಲಕ್ಷ ಸಾಲ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ, ಮದುವೆಯಾಗದ ಮಕ್ಕಳೂ ಅದೇ ಕುಟುಂಬದ ಲೆಕ್ಕ. ಅಪ್ಪನದೂ ಇದೇ ಕೆಲಸವಾಗಿದ್ದರೆ ಯಾರ ಹೆಸರಲ್ಲಿ ಹಾಕುವುದೆಂದು ಅರ್ಜಿ ತುಂಬುವ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.